ಕೆಳಗಿನ ಎರಡು ಸಾಲಿಗೆ ದುಡಿದವರಿಗೆ

ಟೆರ‍್ರಿ ಪ್ರಾಟ್ಚೆಟ್ ಎಂಬ ಇಂಗ್ಲಿಷ್ ಹಾಸ್ಯ ಕಾದಂಬರಿಕಾರರ ಕುರಿತು ಬಿಬಿಸಿ 2017ರಲ್ಲಿ ಪ್ರಸಾರ ಮಾಡಿದ ‘ಬ್ಯಾಕ್ ಇನ್ ಬ್ಲ್ಯಾಕ್’ ಸಾಕ್ಷ್ಯಚಿತ್ರವನ್ನು ಮುಂಬೈಯ ಮಾಟುಂಗಾದಲ್ಲಿ ಕನ್ನಡ ಸಬ್‌ಟೈಟಲ್ ಸಮೇತ ತೋರಿಸಿ ಆಯಿತು. ಬಂದವರಿಗೆಲ್ಲ ವಂದನೆ. ಈ ಬರಹ ಮಾತ್ರ ತೆರೆಯ ಕೆಳಗಿನ ಎರಡು ಸಾಲಿಗಾಗಿ ಕಣ್ಣು ಸವೆಸಿದವರಿಗೆ.

ಮೊದಲ ನಮಸ್ಕಾರ ಅಂಧೇರಿಯ ಎಡಿಟಿಂಗ್ ಮೇಜಿನ ತಮ್ಮನಿಗೆ. ಬ್ರಿಟಿಷ್ ಟಿವಿ ಚಿತ್ರ ಸೆಕೆಂಡಿಗೆ 25 ಫ್ರೇಮ್‌ನದು. ಫ್ರೇಮ್ ಲೆಕ್ಕದಲ್ಲಿ ಬರೆದ ಟೈಮಿಂಗ್ ಪಟ್ಟಿಯನ್ನು ಸಾಫ್ಟ್‌ವೇರ್ ಸೆಕೆಂಡಿಗೆ 23.976 ಎಂದು ಓದಿಕೊಂಡರೆ ಸಾಲುಗಳು ನಿಮಿಷಕ್ಕೆ ಎರಡೂವರೆ ಸೆಕೆಂಡ್ ಹಿಂದೆ ಬೀಳುತ್ತವೆ. ಮೊದಲ ಐದು ಸಾಲು ನೋಡಿ ‘ಸರಿ ಇದೆ’ ಎಂದು ಎದ್ದರೆ ಕೆಟ್ಟಿತು, ಗಂಟೆಯ ಚಿತ್ರದ ಕೊನೆಗೆ ಮಾತಿಗೂ ಸಾಲಿಗೂ ಎರಡೂವರೆ ನಿಮಿಷದ ಅಂತರ. ಅವನು ಪ್ರತಿ ಸಲವೂ ಆರಂಭ, ನಡು, ಕೊನೆ ಮೂರನ್ನೂ ನೋಡಿದ. ಫೈಲನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಸಂಕೇತಪದ್ಧತಿಯಲ್ಲೇ ಉಳಿಸಿದ. ಹಳೆಯ ಆನ್ಸಿ ಪದ್ಧತಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಮರಳಿ ಸಿಗುವುದಿಲ್ಲ.

ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟ ಡೊಂಬಿವಲಿಯ ಅಕ್ಕಂದಿರು ಯುನಿಕೋಡಿಗೆ ಬದಲಾಯಿಸಿದ ಮೇಲೂ ಪ್ರತಿಯೊಂದು ಹೆಸರನ್ನು ಮತ್ತೆ ಓದಿದರು. ಬದಲಾವಣೆಯಲ್ಲಿ ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಉದುರಿಹೋದರೆ, ಪ್ರಾಟ್ಚೆಟ್ ಕಾದಂಬರಿಗಳ ಲೋಕದ ಹೆಸರಾದ ‘ಡಿಸ್ಕ್‌ವರ್ಲ್ಡ್’ ಎಂಬುದು ‘ಡಿಸ್ಕ್ವರ್ಲ್ಡ್’ ಆಗಿ ನಾಲಿಗೆಗೆ ಗಂಟು.

ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮಾಸ್ತರರಿಗೆ ದೊಡ್ಡ ಋಣ. ‘ಸ್ತ್ರೀ’ ಎಂದರೆ ಓದುವವನಿಗೆ ಒಂದಕ್ಷರ, ಸಾಫ್ಟ್‌ವೇರಿಗೆ ಆರು. ಅದರ ಲೆಕ್ಕ ನಂಬಿದರೆ ಚೆನ್ನಾದ ಸಾಲೂ ‘ಉದ್ದವಾಯಿತು’ ಎಂದು ಕೆಂಪಾಗುತ್ತದೆ. ಆದ್ದರಿಂದ ಅವರು ಬಾಯಲ್ಲಿ ಓದಿಯೇ ಅಳತೆ ಹಾಕಿಕೊಟ್ಟರು: ಸಾಲಿಗೆ ಹೆಚ್ಚೆಂದರೆ 22 ಅಕ್ಷರ, ಎರಡೇ ಸಾಲು, ಒಂದೂವರೆ ಸೆಕೆಂಡಿಗಿಂತ ಕಡಿಮೆ ಇಲ್ಲ, ಆರಕ್ಕಿಂತ ಹೆಚ್ಚು ಬೇಡ. ನಗೆಯ ಪೇಚು ಬಿಡಿಸಿದವರೂ ಅವರೇ. ಇಂಗ್ಲಿಷಿನಲ್ಲಿ ನಗಿಸುವ ಪದ ಕೊನೆಗೆ ಬರುತ್ತದೆ. ಕನ್ನಡದ ನೇರ ವಾಕ್ಯದಲ್ಲಿ ಕೊನೆಯ ಜಾಗ ಕ್ರಿಯಾಪದದ್ದು. ಇಡೀ ವಾಕ್ಯ ಒಮ್ಮೆಲೇ ಬಿದ್ದರೆ ತೆರೆಯ ಮೇಲಿನವರು ಮಾತು ಮುಗಿಸುವ ಮೊದಲೇ ಸಭೆ ನಕ್ಕುಬಿಡುತ್ತದೆ, ಆಮೇಲೆ ಪಾಪ, ಅವರು ಮೌನಕ್ಕೆ ಜೋಕು ಹೇಳಬೇಕು. ಆಡುಮಾತಿನಲ್ಲಿ ‘ಬಂದ ನೋಡು ಮಹರಾಯ’ ಎನ್ನುತ್ತೇವಲ್ಲ, ಹಾಗೆ ಕ್ರಿಯಾಪದವನ್ನು ಮುಂದೆ ತಂದು, ನಗೆಯ ಪದವನ್ನು ಮುಂದಿನ ಸಬ್‌ಟೈಟಲಿಗೆ ತಳ್ಳಿ ಎಂದರು. ನಮ್ಮ ಮಟ್ಟಿಗೆ ಇಡೀ ಕೆಲಸದ ಜೀವ ಇದ್ದದ್ದು ಇಲ್ಲೇ.

ಈ ಚಿತ್ರದಲ್ಲಿ ಇನ್ನೊಂದು ತೊಡಕಿದೆ. ಪ್ರಾಟ್ಚೆಟ್ ಅರ್ಧಕ್ಕೆ ಬಿಟ್ಟ ಆತ್ಮಕಥೆಯ ಮಾತುಗಳನ್ನು ನಟ ಪಾಲ್ ಕೇ ಪ್ರಾಟ್ಚೆಟ್ ವೇಷದಲ್ಲೇ ಆಡುತ್ತಾರೆ. ಹಳೆಯ ತುಣುಕುಗಳಲ್ಲಿ ನಿಜವಾದ ಪ್ರಾಟ್ಚೆಟ್ ಇದ್ದಾರೆ. ವ್ಯತ್ಯಾಸ ತೋರಿಸಲು ಅಕ್ಷರ ಓರೆ ಮಾಡಿದರೆ ಕನ್ನಡದ ಒತ್ತು ಅಸಹ್ಯವಾಗುತ್ತದೆ. ನಟನ ಮಾತು ಹಳದಿ, ಉಳಿದದ್ದು ಬಿಳಿ ಎಂದು ಸೂಚಿಸಿದ ಪುಣೆಯ ಚಿತ್ರಕಲಾವಿದೆಗೆ ಕೃತಜ್ಞತೆ. ಅಕ್ಷರದ ಸುತ್ತ ಕಪ್ಪು ಅಂಚಿನ ಬದಲು ಹಿಂದೆ ತೆಳು ಕಪ್ಪು ಪಟ್ಟಿ ಹಾಕಿಸಿದ್ದೂ ಅವರೇ. ದಪ್ಪ ಅಂಚು ಒತ್ತಕ್ಷರದ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ.

ಕರಪತ್ರ ತಿದ್ದಿದ ನರರೋಗ ತಜ್ಞೆ ಡಾಕ್ಟರಮ್ಮನಿಗೂ ವಂದನೆ. 2007ರಲ್ಲಿ ಪ್ರಾಟ್ಚೆಟ್‌ಗೆ ಪತ್ತೆಯಾದದ್ದು ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ, ಅಲ್ಝೈಮರ್‌ನ ಅಪರೂಪದ ಬಗೆ. ಅದು ಮಿದುಳಿನ ಹಿಂಭಾಗವನ್ನು ಹಿಡಿಯುವುದರಿಂದ ಮೊದಲು ಕೆಡುವುದು ನೆನಪಲ್ಲ, ಕಂಡದ್ದನ್ನು ಗುರುತಿಸುವ ಶಕ್ತಿ. ಟೈಪಿಂಗ್ ಕೈಬಿಟ್ಟಿತು, ಮಾತು ಉಳಿಯಿತು. ಹಾಗಾಗಿ ಸಹಾಯಕ ರಾಬ್ ವಿಲ್ಕಿನ್ಸ್‌ಗೆ ಮತ್ತು ಧ್ವನಿ ಗುರುತಿಸುವ ಸಾಫ್ಟ್‌ವೇರಿಗೆ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು ತೀರಿಕೊಳ್ಳುವ ಹೊತ್ತಿಗೆ ಡಿಸ್ಕ್‌ವರ್ಲ್ಡ್‌ನ 41ನೇ ಕಾದಂಬರಿಯೂ ಬರೆದಾಗಿತ್ತು. ಆಮೆಯ ಬೆನ್ನಿನ ಮೇಲೆ ಆನೆಗಳು, ಆನೆಗಳ ಮೇಲೆ ಚಪ್ಪಟೆ ಲೋಕ. ಕೂರ್ಮ, ದಿಗ್ಗಜಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ, ಆನೆ ಎಂಟರ ಬದಲು ನಾಲ್ಕು ಅಷ್ಟೇ. ಆ ಲೋಕದ ಸಾವು ಎಂಬ ಪಾತ್ರ ಮಾತಾಡುವುದು ಬರೀ ಕ್ಯಾಪಿಟಲ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಅವು ಎಲ್ಲಿಂದ ಬರಬೇಕು? ಪ್ರೆಸ್ಸಿನ ಮಾಮ ದಪ್ಪ ಅಚ್ಚು ಹಾಕಿ, ಉದ್ಧರಣ ಚಿಹ್ನೆ ಕಿತ್ತು ನೋಡಿದರು. ಸಾವಿನ ಮಾತಿಗೆ ತಕ್ಕ ತೂಕ ಬಂತು.

ಸಭಾಂಗಣದ ಆಪರೇಟರ್ ಹಿಂದಿನ ದಿನವೇ ಸಾಲುಗಳನ್ನು ಒಂದಷ್ಟು ಮೇಲೆ ಸರಿಸಿ ಎಂದರು. ಸಮತಟ್ಟು ನೆಲದಲ್ಲಿ ಮುಂದಿನವರ ತಲೆ ಕೆಳಗಿನ ಸಾಲನ್ನು ತಿನ್ನುತ್ತದೆ. ಅಲ್ಲಿಯ ಪ್ಲೇಯರ್ ಒತ್ತಕ್ಷರಗಳನ್ನು ಬಿಡಿಬಿಡಿ ತೋರಿಸುವುದು ಕಂಡು, ಅನುಮತಿ ಪಡೆದು ಸಾಲುಗಳನ್ನು ಚಿತ್ರಕ್ಕೇ ಅಂಟಿಸಿದ ಪ್ರತಿಯನ್ನು ಬಳಸಿದೆವು. ಹಳಿ ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಮೆಗಾ ಬ್ಲಾಕ್ ಲೆಕ್ಕಿಸದೆ ಕಲ್ಯಾಣದ ಕಡೆಯಿಂದ ಬಂದ ಹಿರಿಯರಿಗೂ, ಚಹಾ ಕೊಟ್ಟ ಉಡುಪಿ ಹೋಟೆಲಿನ ಅಣ್ಣನಿಗೂ ಶರಣು.

ಚಿತ್ರದ ಪ್ರತಿ ಕೇಳಬೇಡಿ, ಅನುಮತಿ ಒಂದೇ ಪ್ರದರ್ಶನಕ್ಕೆ. ಅಕ್ಷರ, ಬಣ್ಣ, ಟೈಮಿಂಗ್ ನಿಯಮಗಳ ಹಾಳೆ ಬೇಕಾದವರು ಕೇಳಿ, ಬೇರೆ ಯಾವ ಚಿತ್ರಕ್ಕಾದರೂ ಆಗುತ್ತದೆ.