ಮಗಳಿಗೊಂದು ಪತ್ರ: ಇನ್‌ಸರ್ಮೌಂಟಬಲ್ ಅನ್ನುವ ಮೊದಲು

ಬೆಂಗಳೂರು

ಪ್ರೀತಿಯ ಪುಟ್ಟಿ,

ಸ್ಕಾಲರ್‌ಶಿಪ್ ಅರ್ಜಿಗೆ ನೀನು ಬರೆದ ಇಂಗ್ಲಿಷ್ ಪ್ರಬಂಧ ಓದಿದೆ. ತುಂಬಾ ಚೆನ್ನಾಗಿದೆ. ಒಂದು ಪದ ಮಾತ್ರ ನನ್ನನ್ನು ತಡೆಯಿತು. ಪಿಯುಸಿಯಲ್ಲಿ ಗಣಿತ ನಿನಗೆ ‘ಇನ್‌ಸರ್ಮೌಂಟಬಲ್’ (ದಾಟಲಾಗದ) ಅಡ್ಡಿಯಾಗಿತ್ತು ಅಂತ ಬರೆದಿದ್ದೀಯ. ಮುಂದಿನ ಸಾಲಿನಲ್ಲೇ ಆ ಅಡ್ಡಿಯನ್ನು ದಾಟಿದೆ ಅಂತಲೂ ಇದೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ, ಅಲ್ವಾ?

ಆ ಪದವನ್ನು ಬಿಡಿಸಿ ನೋಡು. ಒಳಗೆ ‘ಸರ್ಮೌಂಟ್’ ಇದೆ. ಹಳೇ ಫ್ರೆಂಚ್‌ನಿಂದ ಬಂದದ್ದು. ‘ಸರ್’ ಅಂದರೆ ಮೇಲೆ, ‘ಮೌಂಟ್’ ಅಂದರೆ ಹತ್ತು. ಮೊದಲಿಗೆ ‘ಇನ್’, ಕೊನೆಗೆ ‘ಏಬಲ್’ ಸೇರಿದರೆ, ಹತ್ತಿ ದಾಟಲು ಆಗದೇ ಇರುವುದು ಅಂತಾಯಿತು. ನಮ್ಮ ‘ದುರ್ಗಮ’ ಇದಕ್ಕೆ ಸರಿಯಾಗಿ ಹೊಂದುವುದಿಲ್ಲ. ಅದರಲ್ಲಿರುವುದು ಹೋಗಲು ಕಷ್ಟ ಎಂಬ ಅರ್ಥ. ಸಾವನದುರ್ಗದ ಬಂಡೆ ದುರ್ಗಮವೇ, ಆದರೂ ರಜಾ ಬಂದರೆ ಹುಡುಗರು ಹತ್ತುತ್ತಾರೆ.

ಇಂಗ್ಲಿಷ್ ಬಲ್ಲವರು ಎಷ್ಟೋ ಸಲ ಈ ಪದಕ್ಕಿಂತ ಮುಂಚೆ ‘ಆಲ್ಮೋಸ್ಟ್’, ‘ಸೀಮಿಂಗ್ಲಿ’ ಅಥವಾ ‘ನಾಟ್’ ಸೇರಿಸುತ್ತಾರೆ. ಸುಮ್ನೆ ಸೇರಿಸುವುದಲ್ಲ, ಪದಕ್ಕೆ ಅಷ್ಟು ತೂಕ ಇದೆ. ನೀನೂ ಗಣಿತದ ಸಾಲಿಗೆ ‘ಸೀಮ್ಡ್’ ಹಾಕು. ದಾಟಲಾಗದು ಅನ್ನಿಸಿತ್ತು, ಆಮೇಲೆ ದಾಟಿದೆ. ಆಗ ಎರಡು ಸಾಲೂ ನಿಜವಾಗುತ್ತವೆ.

ನಾನು ಇದಕ್ಕೆ ಇಷ್ಟು ಹಟ ಹಿಡಿಯುವುದು ಯಾಕೆ ಗೊತ್ತಾ? ನನ್ನ ನೌಕರಿಯೆಲ್ಲ ಕಳೆದದ್ದು ನೀರು ಮೇಲೆತ್ತುವ ಪಂಪ್‌ಗಳ ಜೊತೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಕಾವೇರಿ ಸುಮಾರು 100 ಕಿಲೋಮೀಟರ್ ದೂರ, ಅದೂ ತಗ್ಗಿನಲ್ಲಿ. ಏರುವ ಎತ್ತರ, ಪೈಪಿನೊಳಗಿನ ಘರ್ಷಣೆ ಎರಡೂ ಸೇರಿದರೆ ಸುಮಾರು 500 ಮೀಟರ್ ನೇರ ಎತ್ತಿದಷ್ಟು ಕೆಲಸ. ಒಂದೇ ಏಟಿಗೆ ಎತ್ತಲು ಹೋದರೆ ಪೈಪಿನ ಮೇಲೆ ಒತ್ತಡ ತೀರಾ ಜಾಸ್ತಿಯಾಗುತ್ತದೆ. ಅದಕ್ಕೇ ಮೂರು ಹಂತ ಮಾಡಿದರು. ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರನ್ನು ಹಾರೋಹಳ್ಳಿಯಲ್ಲಿ ಮತ್ತೆ ಎತ್ತಬೇಕು, ತಾತಗುಣಿಯಲ್ಲಿ ಇನ್ನೊಮ್ಮೆ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಘಟ್ಟದ ನೀರು ಊರಿಗೆ ಬಂತು. ಕರೆಂಟ್ ಖರ್ಚು ವಿಪರೀತ, ನಿಜ. ಆದರೆ ಆ ಎತ್ತರಕ್ಕೆ ‘ಇನ್‌ಸರ್ಮೌಂಟಬಲ್’ ಅಂತ ಬರೆದು ಫೈಲ್ ಮುಚ್ಚಿದ್ದರೆ ನಮ್ಮ ನಲ್ಲಿಯಲ್ಲಿ ಕಾವೇರಿ ಬರುತ್ತಿರಲಿಲ್ಲ.

ನಿನ್ನ ಪ್ರಬಂಧದ ಮೂರನೇ ಪ್ಯಾರಾದಲ್ಲಿ ಮಳೆಗೆ ಅಂಡರ್‌ಪಾಸ್ ತುಂಬಿ ಪರೀಕ್ಷೆಗೆ ತಡವಾದದ್ದಕ್ಕೂ ಇದೇ ಪದ ಹಾಕಿದ್ದೀಯ. ಅಲ್ಲಿ ‘ಇಂಪಾಸಬಲ್’ (ಹಾದುಹೋಗಲಾಗದ್ದು) ಸಾಕು. ದಾರಿ, ಹೊಳೆ, ಘಾಟಿಗೆ ಅದೇ ಸರಿ. ಸ್ಪೆಲಿಂಗ್ ನೋಡಿಕೋ: ‘ಬಲ್’ಗಿಂತ ಮುಂಚೆ ‘ಎ’ ಅಕ್ಷರ ಇರಬೇಕು. ‘ಐ’ ಬಿದ್ದರೆ ಭಾವನೆಯೇ ಇಲ್ಲದ್ದು ಅಂತ ಅರ್ಥ ಬದಲಾಗುತ್ತದೆ.

ಇನ್ನು ನಿನ್ನ ಅತ್ತೆಯ ಮಾತು. ನನ್ನ ಅಕ್ಕ ಏಳನೇ ಕ್ಲಾಸಿಗೆ ಓದು ಬಿಟ್ಟಳು. ಊರಲ್ಲಿ ಹೈಸ್ಕೂಲ್ ಇರಲಿಲ್ಲ, ಬಸ್ಸೂ ಇರಲಿಲ್ಲ. ಹೆಣ್ಣುಮಗಳನ್ನು ದೂರ ಕಳಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಪ್ರಬಂಧದಲ್ಲಿ ಅವಳ ಬಗ್ಗೆ ಒಂದೇ ಸಾಲು ಇದೆ, ‘ಡಿಫಿಕಲ್ಟೀಸ್’ ಅಂತ. ‘ಇನ್‌ಸರ್ಮೌಂಟಬಲ್’ ಅನ್ನುವ ಆ ದೊಡ್ಡ ಪದವನ್ನು ಅಲ್ಲಿ ಹಾಕು. ‘ಸೀಮ್ಡ್’ ಬೇಡ.

ತಿದ್ದಿ ಗುರುವಾರದೊಳಗೆ ಕಳಿಸು, ಇನ್ನೊಮ್ಮೆ ಓದುತ್ತೇನೆ.

ನಿನ್ನ ಅಪ್ಪ