ಪುಟ್ಟಿಗೆ, ಹೆಬ್ಬೆರಳಿನ ಗಾಯದ ಬಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ಎರಡು ತಿಂಗಳಲ್ಲಿ ಮೂರನೇ ನೆಗಡಿ, ಜೊತೆಗೆ ಬಾಯಿಹುಣ್ಣು. ನೀನು ಹವೆಯನ್ನು ದೂರುತ್ತೀಯ. ನಿನ್ನಪ್ಪನಿಗೆ, ಅಂದರೆ ನಮ್ಮಣ್ಣನಿಗೆ, ಸ್ಟ್ರೋಕ್ ಆದಾಗಿನಿಂದ ಒಂದು ರಾತ್ರಿಯಾದರೂ ಕಣ್ತುಂಬ ನಿದ್ದೆ ಮಾಡಿದ್ದೀಯಾ?

ನಮ್ಮತ್ತೆಗೆ ಮರೆವಿನ ಕಾಯಿಲೆ ಶುರುವಾದ ಎರಡನೇ ವರ್ಷ. ಬದನೆಕಾಯಿ ಹೆಚ್ಚುವಾಗ ಈಳಿಗೆಮಣೆಗೆ ಹೆಬ್ಬೆರಳು ಕೊಯ್ದುಕೊಂಡೆ. ಅಕ್ಕಿಕಾಳಿನಷ್ಟು ಗಾಯ. ಅರಿಶಿನ ಹಚ್ಚಿದೆ, ಮುಲಾಮು ಹಚ್ಚಿದೆ. ತಿಂಗಳಾದರೂ ಅಂಚು ಕೆಂಪಗೇ ಇತ್ತು, ಪಾತ್ರೆ ತೊಳೆಯುವಾಗೆಲ್ಲ ಉರಿ. ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದೆ. ಇರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಸಂಗತಿ ಓದಿದೆ. ಅಮೆರಿಕದ ಓಹಾಯೋದಲ್ಲಿ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ ಮೂರೂವರೆ ಮಿಲಿಮೀಟರಿನ ಗಾಯ ಮಾಡಿ, ಮಾಯಲು ಎಷ್ಟು ದಿನ ಹಿಡಿಯುತ್ತದೆಂದು ನೋಡಿದರಂತೆ. 1995ರಲ್ಲಿ ಅದು ಪ್ರಕಟವಾಯಿತು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಇವರಿಗೆ ಸುಮಾರು 9 ದಿನ ಜಾಸ್ತಿ ಬೇಕಾಗಿತ್ತು. ಓದುತ್ತ ಓದುತ್ತ ಹೆಬ್ಬೆರಳು ಸವರಿಕೊಂಡೆ.

ಒತ್ತಡವಾದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ. ಸ್ವಲ್ಪ ಹೊತ್ತಿಗಾದರೆ ಒಳ್ಳೆಯದೇ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಕಲ್ವಾ. ತಿಂಗಳುಗಟ್ಟಲೆ ಹೀಗೇ ಆದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಹದ ತಪ್ಪುತ್ತದೆ. ಉಬ್ಬಸಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆಗಳೂ ಈ ಕಾರ್ಟಿಸಾಲ್ ಜಾತಿಯವೇ. ಅದಕ್ಕೇ ಅವನ್ನು ಬಹಳ ದಿನ ತೆಗೆದುಕೊಳ್ಳುವವರಿಗೆ ಸೋಂಕಿನ ಬಗ್ಗೆ ಹುಷಾರು ಎಂದು ಡಾಕ್ಟರ್ ಹೇಳುವುದು.

ನಿದ್ದೆಯ ಮಾತಂತೂ ಇನ್ನೂ ನೇರ. 2015ರ ಒಂದು ಅಧ್ಯಯನದಲ್ಲಿ 164 ಜನರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಬಿಟ್ಟರು. ರಾತ್ರಿ 7 ಗಂಟೆಗಿಂತ ಜಾಸ್ತಿ ಮಲಗುವವರಿಗೆ ಹೋಲಿಸಿದರೆ, 6 ಗಂಟೆಯೂ ಮಲಗದವರಿಗೆ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟು.

ಅಪ್ಪ ಮಧ್ಯಾಹ್ನ ಮಲಗಿದಾಗ ಬಟ್ಟೆ ಮಡಚುತ್ತ ಕೂರಬೇಡ, ನೀನೂ ಮಲಗು. ಸಂಜೆ ಹತ್ತು ನಿಮಿಷ ಟೆರೇಸಿನಲ್ಲಿ ಸುಮ್ನೆ ಕೂತು ನಿಧಾನಕ್ಕೆ ಉಸಿರಾಡು. ಆಮೇಲೆ ನೆಗಡಿಯೇ ಬರುವುದಿಲ್ಲ ಅಂತಲ್ಲ. ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅಪ್ಪನನ್ನು ಬಿಟ್ಟು ಮಲಗಲು ನಿನಗೆ ಮನಸ್ಸು ಒಪ್ಪುವುದಿಲ್ಲ, ಗೊತ್ತು. ನನಗೂ ಒಪ್ಪುತ್ತಿರಲಿಲ್ಲ.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೂರು ರಾತ್ರಿ ಅಣ್ಣನ ಕೋಣೆಯಲ್ಲಿ ನಾನೇ ಮಲಗುತ್ತೇನೆ. ಮಾತ್ರೆಗಳ ಪಟ್ಟಿ ಬರೆದಿಟ್ಟಿರು.

ನಿನ್ನ ಅತ್ತೆ