ನಿನ್ನ ಹಿಂದಿನ ಚಕ್ರ ನಂಬಿಕೊಂಡು ಬರುವವರು

ಗೆಳೆಯಾ,

ಐದು ಜನ ಸೇರಿ 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದೀರಿ ಅಂತ ಬರೆದಿದ್ದೀಯ. ಎಷ್ಟು ಪ್ರಾಕ್ಟೀಸ್ ಬೇಕು ಅಂತ ಕೇಳಿದ್ದೀಯ. ನೂರು ಕಿಲೋಮೀಟರು ತುಳಿದು ಮಾರನೇ ದಿನ ಗೊಣಗದೆ ಮೆಟ್ಟಿಲು ಹತ್ತಲು ಆಗುತ್ತಿದ್ದರೆ ಕಾಲಿನ ಮಟ್ಟಿಗೆ ಸಾಕು. ಐದು ಜನ ಹೊರಟವರು ಸಂಜೆ ಐದು ಜನವಾಗಿಯೇ, ಒಬ್ಬರ ಮೇಲೊಬ್ಬರು ಮುನಿಸಿಕೊಳ್ಳದೆ ವಾಪಸ್ಸಾಗುವುದು ಹೇಗೆ ಅನ್ನುವುದನ್ನು ನೀನು ಕೇಳಲೇ ಇಲ್ಲ. ಈ ಪತ್ರವೆಲ್ಲ ಅದರ ಬಗ್ಗೆಯೇ.

ಬ್ರೆವೆಯಲ್ಲಿ ಫಸ್ಟು, ಸೆಕೆಂಡು ಅಂತ ಇಲ್ಲ. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಬಂದವರೆಲ್ಲ ಸಮಾನರು. ಎಂಟು ಗಂಟೆಗೆ ಮುಗಿಸಿದವನಿಗೂ ಕೊನೇ ನಿಮಿಷಕ್ಕೆ ಬಂದು ಹಾಜರಿ ಕಾರ್ಡು ಕೊಟ್ಟವನಿಗೂ ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್ಬಿನಿಂದ ಬರುವ ಮಾನ್ಯತೆ ಒಂದೇ. ಕಂಟ್ರೋಲ್ ಅಂದರೆ ದಾರಿಯ ನಡುವೆ ಹಾಜರಿ ಹಾಕಿಸುವ ಜಾಗ; ಅದನ್ನು ಬಿಟ್ಟು ಬೇರೆಲ್ಲೂ ಮನೆಯವರ ಕಾರು ಬಂದು ನೆರವಾಗುವಂತಿಲ್ಲ. ಜೊತೆಗೆ ತುಳಿಯುತ್ತಿರುವವನು ಮಾತ್ರ ಸಹಾಯ ಮಾಡಬಹುದು. 1897ರಲ್ಲಿ ಇಟಲಿಯಲ್ಲಿ ಶುರುವಾದ ಈ ಆಟಕ್ಕೆ 1904ರಲ್ಲಿ ಫ್ರಾನ್ಸಿನಲ್ಲಿ ನಿಯಮ ಬಂದಾಗ ಗುಂಪು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಇವತ್ತಿಗೂ ಯೂರೋಪಿನ ಹಳೇ ಪದ್ಧತಿಯ ಔಡಾಕ್ಸ್ ಸವಾರಿಗಳಲ್ಲಿ ಕ್ಯಾಪ್ಟನ್ ಒಬ್ಬ ಗಂಟೆಗೆ 22.5 ಕಿಲೋಮೀಟರಿನ ವೇಗ ಹಿಡಿದು ಎಲ್ಲರನ್ನೂ ಕಟ್ಟಿಕೊಂಡೇ ಹೋಗುತ್ತಾನೆ. 'ಅವರವರ ವೇಗಕ್ಕೆ ಅವರವರು' ಎಂಬ ಸ್ವಾತಂತ್ರ್ಯ ಬಂದದ್ದು 1921ರಲ್ಲಿ. ನೀವು ಓಡಿಸಲಿರುವುದು ಈ ಎರಡನೇ ಬಗೆ. ಅಂದರೆ ಒಟ್ಟಿಗಿರಬೇಕು ಅಂತ ನಿಯಮವೇನೂ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ನೀವೇ ಮಾತಾಡಿಕೊಳ್ಳಬೇಕು.

ಮಾತಾಡುವಾಗ ಒಂದು ಲೆಕ್ಕ ಮುಂದಿಟ್ಟುಕೊಳ್ಳಿ. ತುಳಿಯುವಾಗಿನ ವೇಗ ಸರಾಸರಿ 22 ಬಂದರೆ 200 ಕಿಲೋಮೀಟರಿಗೆ 9 ಗಂಟೆ 5 ನಿಮಿಷ. ಕೈಯಲ್ಲಿ ಉಳಿಯುವುದು 265 ನಿಮಿಷ. ತಿಂಡಿಗೆ 40, ಊಟಕ್ಕೆ 50, ಎರಡು ಕಂಟ್ರೋಲಿಗೆ 15-15 ಅಂತ 120 ತೆಗೆದರೂ 145 ನಿಮಿಷ ಮಿಗುತ್ತದೆ. ಪಂಕ್ಚರ್ ಒಂದಕ್ಕೆ 25 ನಿಮಿಷ ಹಿಡಿದರೂ ಐದಕ್ಕೆ ಸಾಕು. ಎದುರುಗಾಳಿ ಬಂದು ಸರಾಸರಿ 18ಕ್ಕೆ ಇಳಿಯಿತು ಅನ್ನು. ತುಳಿಯಲಿಕ್ಕೇ 11 ಗಂಟೆ 7 ನಿಮಿಷ. ಅದೇ ತಿಂಡಿ, ಅದೇ ಊಟ ಕಳೆದರೆ ಉಳಿಯುವುದು 23 ನಿಮಿಷ. ಒಂದು ಪಂಕ್ಚರಿಗೂ ಸಾಲದು. ಹೈವೇ ಬದಿಯಲ್ಲಿ ನಿಂತು "ಕಾಯೋಣವಾ, ಹೋಗೋಣವಾ" ಅಂತ ಮುಖ ನೋಡಿಕೊಳ್ಳುವ ಜಗಳ ಹುಟ್ಟುವುದು ಈ ಲೆಕ್ಕ ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ. ಮೊದಲು ಕಡಿಮೆ ಮಾಡಬೇಕಾದ್ದು ಹೋಟೆಲಿನ ಸಮಯ, ಗೆಳೆಯನ ಸಮಯ ಅಲ್ಲ.

ಇನ್ನು ಸಾಲಿನಲ್ಲಿ ತುಳಿಯುವುದು. ವೇಗ ಏರಿದಷ್ಟೂ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಂಟೆಗೆ 30ರ ಹತ್ತಿರ ಹೋಗುವಾಗ ಮುಂದಿನವನ ಮರೆಯಲ್ಲಿದ್ದರೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ, ಹತ್ತಿರ ಹೋದಷ್ಟೂ ಹೆಚ್ಚು. ಹೊಸಬರು ಒಂದು ಸೈಕಲ್ಲಿನಷ್ಟು ಅಂತರ ಬಿಡಿ, ಅಭ್ಯಾಸವಾದ ಮೇಲೆ ಅರ್ಧಕ್ಕೆ ಇಳಿಸಿ. ಯಾವ ಕಾರಣಕ್ಕೂ ನಿನ್ನ ಮುಂಚಕ್ರ ಮುಂದಿನವನ ಹಿಂಚಕ್ರದ ಪಕ್ಕಕ್ಕೆ ತೂರಬಾರದು. ಅವನು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೆ ಸಾಕು, ಚಕ್ರಗಳು ತಾಗುತ್ತವೆ. ಅವನಿಗೆ ಏನೂ ಆಗುವುದಿಲ್ಲ, ನೀನು ಬೀಳುತ್ತೀಯ. ಸೈಕಲ್ಲಿನ ಸಮತೋಲ ಇರುವುದೇ ಮುಂಚಕ್ರ ತಿರುಗಿಸುವುದರಲ್ಲಿ, ಅದೇ ಸಿಕ್ಕಿಹಾಕಿಕೊಂಡಿರುತ್ತದೆ. ನಿನ್ನ ಹಿಂದಿರುವವರು ನಿನ್ನ ಮೇಲೆ ಬೀಳುತ್ತಾರೆ.

ಮುಂದೆ ನಿಲ್ಲುವ ಸರದಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮುಂದಿದ್ದವನು ಪಕ್ಕಕ್ಕೆ ಸರಿದ ಕೂಡಲೇ ಎರಡನೆಯವನಿಗೆ ಎಲ್ಲಿಲ್ಲದ ಹುರುಪು ಬಂದು ಗಂಟೆಗೆ ಎರಡು ಮೂರು ಕಿಲೋಮೀಟರು ಏರಿಸಿಬಿಡುತ್ತಾನೆ. ಆಗಷ್ಟೇ ದುಡಿದು ಹಿಂದೆ ಸರಿಯುತ್ತಿರುವವನು ಕೊನೆಯ ಚಕ್ರ ಹಿಡಿಯಲಾರದೆ ಅಲ್ಲೇ ಕಳಚಿಕೊಳ್ಳುತ್ತಾನೆ. ಸಭ್ಯತೆಯೆಂದರೆ ಮುಂದೆ ಬಂದಾಗ ಮೀಟರ್ ನೋಡಿ ಅದೇ ವೇಗ ಹಿಡಿದಿರುವುದು. ವೇಗ ಬದಲಿಸಬೇಕಾದ್ದು ಸರಿದವನು: ಮೊದಲು ಹಿಂದೆ ನೋಡಿ, ಸರಿದು, ಪೆಡಲ್ ಹಗುರ ಮಾಡಿ, ಕೊನೆಯವನು ಪಕ್ಕಕ್ಕೆ ಬರುವ ಮೊದಲೇ ಮತ್ತೆ ತುಳಿಯಲು ಶುರುಮಾಡಬೇಕು. ಅವನು ದಾಟಿದ ಮೇಲೆ ತುಳಿದರೆ ತಡವಾಯಿತು. ಎಡಕ್ಕೋ ಬಲಕ್ಕೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಲಿ. ಸರದಿ ಎರಡರಿಂದ ಐದು ನಿಮಿಷ. ಸುಸ್ತಾದವನು ಅರ್ಧ ನಿಮಿಷಕ್ಕೇ ಸರಿಯಬಹುದು, ಅದರಲ್ಲಿ ನಾಚಿಕೆಯಿಲ್ಲ. ನಾಚಿಕೆಪಟ್ಟು ಐದು ನಿಮಿಷ ಎಳೆದು ಮುಂದಿನ ಐವತ್ತು ಕಿಲೋಮೀಟರು ಎಲ್ಲರನ್ನೂ ಕಾಯಿಸುವವನದೇ ತೊಂದರೆ.

ಏರಿನಲ್ಲಿ ಸೀಟಿನಿಂದ ಎದ್ದು ನಿಲ್ಲುವಾಗ ಸೈಕಲ್ಲು ಅರೆಗಳಿಗೆ ಹಿಂದಕ್ಕೆ ಜಗ್ಗಿದಂತಾಗುತ್ತದೆ, ಹಿಂದಿನವನ ಚಕ್ರಕ್ಕೆ ಅದೇ ಸಾಕು. ಏಳುವ ಮೊದಲು ಗೇರ್ ಒಂದು ಹಂತ ಗಟ್ಟಿ ಮಾಡಿ, ಪೆಡಲ್ ಕೆಳಗೆ ಒತ್ತುವ ಹೊತ್ತಿಗೇ ಏಳು. ಬಾಯಲ್ಲಿ "ಎದ್ದೆ" ಅಂದರೂ ಆದೀತು.

ಸನ್ನೆಗಳ ವಿಷಯಕ್ಕೆ ನಮ್ಮ ರಸ್ತೆಗೆ ತಕ್ಕ ಬುದ್ಧಿ ಬೇಕು. ಯೂರೋಪಿನ ಕೈಸನ್ನೆಗಳನ್ನೆಲ್ಲ ಬಾಯಿಪಾಠ ಮಾಡಿದರೆ ಇಲ್ಲಿ ಕೈ ಹ್ಯಾಂಡಲ್ಲಿಗೆ ಮರಳುವುದೇ ಇಲ್ಲ, ಗುಂಡಿ ಅಷ್ಟಿವೆ. ಚಕ್ರ ಬೀಳುವಂಥದ್ದನ್ನು ಮಾತ್ರ ತೋರಿಸು. ನಮ್ಮಲ್ಲಿ ಮಾರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕು ಬಲಗೈಯಲ್ಲಿರುತ್ತದೆ. ಬಲಗೈ ಎತ್ತಿ ಸನ್ನೆ ಮಾಡುವಾಗ ನಿನಗೆ ಉಳಿಯುವುದು ಹಿಂದಿನ ಬ್ರೇಕು ಮಾತ್ರ. ಬ್ರೇಕು ಬೇಕಾದ ಜಾಗದಲ್ಲಿ ಬಾಯೇ ವಾಸಿ: "ಗುಂಡಿ ಎಡಕ್ಕೆ", "ಹಂಪು", "ಎದುರಿಗೆ ಗಾಡಿ". ರಾಂಗ್ ಸೈಡಿನಲ್ಲಿ ಬರುವ ಬೈಕು ನಮ್ಮ ಸರ್ವಿಸ್ ರೋಡುಗಳ ಖಾಯಂ ಅತಿಥಿ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಸೈಕಲ್ಲು ಯಾವುದಕ್ಕೂ ಪ್ರವೇಶ ಇಲ್ಲವಾದ್ದರಿಂದ ಆ ಕಡೆ ಹೊರಟರೆ ಸರ್ವಿಸ್ ರೋಡೇ ಗತಿ. ಬೆಳಗಿನ ಜಾವ ಬಣ್ಣ ಬಳಿಯದ ಹಂಪು ಮೊದಲು ಕಾಣುವುದು ಮುಂದಿನವನಿಗೆ ಮಾತ್ರ. ಮುಂದಿನವನ ಕೂಗು ಮೂರನೆಯವನಿಗೆ ಕೇಳಿಸುವುದಿಲ್ಲ, ಆದ್ದರಿಂದ ಪ್ರತಿಯೊಬ್ಬರೂ ಅದನ್ನು ಹಿಂದಕ್ಕೆ ದಾಟಿಸಬೇಕು. ಪಂಕ್ಚರ್ ಆದರೆ ಕೂಗು ಹಿಂದಿನಿಂದ ಮುಂದಕ್ಕೆ ಹೋಗಬೇಕು. ಇದನ್ನು ಮರೆತು ಮುಂದಿನ ಇಬ್ಬರು ಎಂಟು ಕಿಲೋಮೀಟರು ಹೋದ ಮೇಲೆ ತಿರುಗಿ ನೋಡುವುದು ಮಾಮೂಲಿ ದೃಶ್ಯ.

ಪಂಕ್ಚರನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐವರಲ್ಲಿ ನಾಲ್ವರದು 700ರ ಚಕ್ರ, ಸಣ್ಣ ಪ್ರೆಸ್ಟಾ ವಾಲ್ವು. ಒಬ್ಬನದು 26 ಇಂಚಿನ ಎಂಟಿಬಿ (ಮೌಂಟನ್ ಬೈಕ್ ಅನ್ನುವ ದಪ್ಪ ಟೈರಿನ ಸೈಕಲ್ಲು), ಬೈಕಿನಂಥ ದಪ್ಪ ವಾಲ್ವು ಅಂತಿಟ್ಟುಕೊ. ಆ ಒಬ್ಬನಿಗೆ ಮಿಕ್ಕವರ ಟ್ಯೂಬು ಉಪಯೋಗವಿಲ್ಲ. ಅವನು ಎರಡು ಟ್ಯೂಬು ತರಲಿ. ಉಳಿದವರು ತಲಾ ಒಂದು, ಮೇಲೊಂದು ಹೆಚ್ಚುವರಿ. ಎರಡೂ ವಾಲ್ವಿಗೆ ಕೂರುವ ಪಂಪು ಎರಡು. ಚೈನ್ ಕಡಿಯುವ ಉಪಕರಣ ಒಂದೇ ಸಾಕು, ಆದರೆ ಜೋಡಿಸುವ ಕ್ವಿಕ್ ಲಿಂಕ್ ಅವರವರ ಚೈನಿನದೇ ಆಗಬೇಕು. 9 ಸ್ಪೀಡಿನದು 11ಕ್ಕೆ ಕೂರುವುದಿಲ್ಲ. ಹಿಂದಿನ ಗೇರು ನೇತುಬಿದ್ದಿರುವ ಆ ಸಣ್ಣ ಅಲ್ಯುಮಿನಿಯಂ ತುಂಡು, ಹ್ಯಾಂಗರ್, ಫ್ರೇಮಿನಿಂದ ಫ್ರೇಮಿಗೆ ಬೇರೆ. ಸೈಕಲ್ಲು ಬಲಕ್ಕೆ ಬಿದ್ದರೆ ಬಾಗುವುದು ಅದೇ. ಎಂಥ ಪ್ರಾಣಸ್ನೇಹಿತನೂ ಅದನ್ನು ಸಾಲ ಕೊಡಲಾರ, ನಿನ್ನದನ್ನು ನೀನೇ ಇಟ್ಟುಕೊ.

ಹೈವೇಯಲ್ಲಿ ಗಾಳಿ ಇಳಿಯುವುದಕ್ಕೆ ಮೊಳೆಗಿಂತ ಲಾರಿ ಟೈರು ಸಿಡಿದಾಗ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿಯೇ ಹೆಚ್ಚು ಕಾರಣ. ಬಯಲುಸೀಮೆಯಲ್ಲಾದರೆ ಜಾಲಿ ಮುಳ್ಳು. ತಂತಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಐದು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಟೈರಿನ ಹೆಸರು ಬರೆದಿರುವ ಜಾಗ ಯಾವಾಗಲೂ ವಾಲ್ವಿನ ಎದುರಿಗೆ ಬರುವಂತೆ ಕೂರಿಸಿಟ್ಟಿದ್ದರೆ ಕೆಲಸ ಅರ್ಧಕ್ಕಿಳಿಯುತ್ತದೆ: ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ಗೇಣು ದೂರವೋ, ಟೈರಿನಲ್ಲೂ ಅಷ್ಟೇ ದೂರದಲ್ಲಿ, ಆ ಕಡೆಯೋ ಈ ಕಡೆಯೋ ಹುಡುಕು. ಟೈರಿನ ಒಳಗೆ ಹತ್ತಿಯ ಚೂರು ಸವರು. ಎಳೆ ಸಿಕ್ಕಿಕೊಂಡಲ್ಲಿ ತಂತಿ. ಹುಬ್ಬಿನ ಕೂದಲು ಕೀಳುವ ಚಿಮಟ ಹೆಚ್ಚೇನೂ ತೂಗುವುದಿಲ್ಲ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅಕ್ಕಪಕ್ಕ ಎರಡು ತೂತಿದ್ದರೆ ತಂತಿ ಹುಡುಕಬೇಡ. ಗಾಳಿ ಕಡಿಮೆಯಿದ್ದು ಗುಂಡಿಯ ಅಂಚಿಗೆ ರಿಮ್ಮು ಬಡಿದದ್ದು.

ಐದು ಜನ ಒಂದೇ ಚಕ್ರದ ಮೇಲೆ ಬಗ್ಗಿದರೆ ಕೆಲಸ ನಿಧಾನ. ಒಬ್ಬ ಗೇರನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಹಿಂಚಕ್ರ ಬಿಚ್ಚಲಿ, ಇನ್ನೊಬ್ಬ ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿಕೊಳ್ಳಲಿ, ಮೂರನೆಯವನು ಟೈರು ತಡವಲಿ. ನಾಲ್ಕನೆಯವನು ಇಪ್ಪತ್ತು ಹೆಜ್ಜೆ ಹಿಂದೆ, ಬರುವ ಗಾಡಿಗಳತ್ತ ದೀಪ ಹಿಡಿದು ನಿಲ್ಲಲಿ. ರಾತ್ರಿಯಾದರೆ ಇವನೇ ಮುಖ್ಯ. ಐದನೆಯವನು ಚಿಕ್ಕಿ ಹಂಚಲಿ, ತಮಾಷೆಯಲ್ಲ. ಪುಟ್ಟ ಪಂಪಿನಲ್ಲಿ 28 ಮಿಲಿಮೀಟರಿನ ಟೈರನ್ನು 70 ಪಿಎಸ್‌ಐ ಒತ್ತಡಕ್ಕೆ ತರಲು ಇನ್ನೂರರಷ್ಟು ಒತ್ತು ಬೇಕು, ಐವತ್ತೈವತ್ತು ಹಂಚಿಕೊಳ್ಳಿ. ಪಂಪಿನ ಬಾಯಿ ವಾಲ್ವಿನ ಮೇಲೆ ಓರೆಯಾದರೆ ಪ್ರೆಸ್ಟಾದ ಸಣ್ಣ ಕಡ್ಡಿ ಮುರಿಯುತ್ತದೆ. ಆಯಾಸದಲ್ಲಿ ಕೈ ಬದಲಿಸುವಾಗ ಇದು ಆಗುತ್ತದೆ, ಒಬ್ಬ ವಾಲ್ವು ಹಿಡಿದಿರಲಿ. ಟೈರಿನ ಪಕ್ಕೆ ಸೀಳಿದ್ದರೆ ಒಳಗೆ ಮಡಚಿದ ಹತ್ತು ರೂಪಾಯಿ ನೋಟೋ, ಟೂತ್‌ಪೇಸ್ಟ್ ಟ್ಯೂಬಿನ ತುಂಡೋ ಇಟ್ಟು ಗಾಳಿ ಸ್ವಲ್ಪ ಕಡಿಮೆ ಹಾಕಿ. ಊರು ಮುಟ್ಟುತ್ತೀರಿ.

ಹೊಟ್ಟೆ ಖಾಲಿಯಾದವನು ಅದನ್ನು ತಾನಾಗಿ ಹೇಳುವುದಿಲ್ಲ, ಅವನಿಗೆ ಗೊತ್ತೂ ಆಗಿರುವುದಿಲ್ಲ. ಮಾತಾಡುತ್ತಿದ್ದವನು ಸುಮ್ಮನಾಗುತ್ತಾನೆ. ಸೇತುವೆಯ ಸಣ್ಣ ಏರಿನಲ್ಲೂ ಹತ್ತಡಿ ಹಿಂದುಳಿಯುತ್ತಾನೆ. ಕೇಳಿದ್ದಕ್ಕೆಲ್ಲ ಸಿಡುಕುತ್ತಾನೆ. ಮೂರರಲ್ಲಿ ಎರಡು ಕಂಡರೆ "ಏನಾಯ್ತೋ" ಅಂತ ಕೇಳಬೇಡ, ಬಾಳೆಹಣ್ಣು ಸುಲಿದು ಕೈಗೆ ಕೊಡು. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು, ಮಧ್ಯಮ ಗಾತ್ರದ ಹಣ್ಣೊಂದರಲ್ಲಿ ಸುಮಾರು 25 ಇರುತ್ತದೆ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರಿಗೆ. 750 ಮಿಲಿಲೀಟರಿನ ಬಾಟಲಿಗೆ ಇಡೀ ಸುರಿದರೆ ಹದ ಕೆಟ್ಟು ಹೊಟ್ಟೆ ತೊಳೆಸುತ್ತದೆ.

ಕಾಯುವುದರಲ್ಲೂ ಒಂದು ಕ್ರೌರ್ಯವಿದೆ. ನಂದಿಬೆಟ್ಟದ ಏರನ್ನೇ ತಗೊ. ಗಟ್ಟಿಗರು ಮೇಲೆ ಹೋಗಿ ಹದಿನೈದು ನಿಮಿಷ ಕೂತು, ಚಹಾ ಕುಡಿದು, ಫೋಟೋ ಹೊಡೆದು, ಕೊನೆಯವನು ಏದುಸಿರು ಬಿಡುತ್ತ ಬಂದ ಕೂಡಲೇ "ಬಂದ್ಯಾ? ನಡೀರಿ" ಅಂತ ಎದ್ದುಬಿಡುತ್ತಾರೆ. ಎಲ್ಲರಿಗಿಂತ ಹೆಚ್ಚು ದಣಿದವನಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ! ಅವನು ಬಂದ ಮೇಲೆ ಐದು ನಿಮಿಷ ಎಣಿಸಿ. ಕಾಯುವ ಜಾಗ ಏರಿನ ತುದಿ ಅಥವಾ ತಿರುವು, ಏರಿನ ನಡುವೆ ಬೇಡ. ಸಾಲಿನ ಕೊನೆಗೆ ಬಲಶಾಲಿಯನ್ನು ಹಾಕಿ. ದುರ್ಬಲನನ್ನು ಹಾಕಿದರೆ ಅವನು ಕಳಚಿದ್ದು ಯಾರಿಗೂ ತಿಳಿಯುವುದಿಲ್ಲ.

ಬೇರಾಗಬೇಕಾಗಿಯೂ ಬರಬಹುದು. 100ನೇ ಕಿಲೋಮೀಟರಿನ ಕಂಟ್ರೋಲು ಮುಚ್ಚುವುದು ಸವಾರಿ ಶುರುವಾಗಿ 6 ಗಂಟೆ 40 ನಿಮಿಷಕ್ಕೆ. ಒಬ್ಬನಿಗಾಗಿ ಕಾದರೆ ಎಲ್ಲರಿಗೂ ಅದು ತಪ್ಪುತ್ತದೆ ಅನ್ನಿಸಿದರೆ ಇಬ್ಬರು ಉಳಿಯಿರಿ, ಮೂವರು ಹೋಗಿ. ಕತ್ತಲಾದ ಮೇಲೆ ಒಬ್ಬನನ್ನೇ ಬಿಡುವುದು ಮಾತ್ರ ಬೇಡವೇ ಬೇಡ. ಹೋಗುವವರು ತಮ್ಮ ಟ್ಯೂಬು, ಪಂಪು ಉಳಿಯುವವರಿಗೆ ಕೊಟ್ಟು ಹೋಗಲಿ. ಮುಂದೆ ಬೇರೆ ಸವಾರರು ಸಿಗುತ್ತಾರೆ, ಹಿಂದೆ ಸಿಗುವುದಿಲ್ಲ. ಎಲ್ಲರ ಹತ್ತಿರವೂ ಎಟಿಎಂ ಕಾರ್ಡಿದೆಯಾ ಅಂತಲೂ ನೋಡಿ. ಕೆಲವು ಬ್ರೆವೆಗಳಲ್ಲಿ ಎಟಿಎಂ ಚೀಟಿಯೇ ಕಂಟ್ರೋಲಿನ ಸಾಕ್ಷಿ, ಎಟಿಎಂ ಕಾರ್ಡು ಮನೆಯಲ್ಲಿ ಬಿಟ್ಟು ಬಂದವನಿಗೆ ಯಾರೂ ಸಹಾಯ ಮಾಡಲಾರರು.

ಮಳೆಗಾಲದಲ್ಲಿ ಹೋಗುವುದಾದರೆ ಹಿಂಚಕ್ರಕ್ಕೆ ಮಡ್‌ಗಾರ್ಡು, ಅದರ ತುದಿಗೆ ನೆಲಕ್ಕೆ ನಾಲ್ಕು ಬೆರಳಷ್ಟೇ ಉಳಿಯುವಂತೆ ರಬ್ಬರಿನ ಪಟ್ಟಿ. ಗಾರ್ಡು ನಿನ್ನ ಬೆನ್ನಿಗೆ, ಪಟ್ಟಿ ಹಿಂದಿನವನ ಮುಖಕ್ಕೆ. ಹಾಗೆಯೇ ನಿನ್ನ ಹಿಂದಿನ ಕೆಂಪು ದೀಪ: ಸಾಲಿನಲ್ಲಿರುವಾಗ ಮಿನುಗುವ ಮೋಡ್ ತೆಗೆದು ಒಂದೇ ಸಮ ಉರಿಯುವಂತೆ ಇಟ್ಟು, ಸ್ವಲ್ಪ ನೆಲಕ್ಕೆ ಬಾಗಿಸು. ಬೆಳಗಿನ ಜಾವ ನಾಲ್ಕೂವರೆಗೆ ಮೂರಡಿ ದೂರದಿಂದ ಅದನ್ನೇ ನೋಡುತ್ತ ಎರಡು ಗಂಟೆ ತುಳಿಯಬೇಕಾದವನು ನಿನ್ನ ಗೆಳೆಯ.

ನಿನ್ನವ